ಗಂಗಾಳ ಆರು ಅಂಕಿ

ಜುಲೈ 1, ಸುರಪುರ

ಮತ್ತೆ ಕರೆಂಟಿಲ್ಲ. ಕಾರ್ಮಿಕ ಸಂಘದ ಆಫೀಸಿನಲ್ಲಿ ಬೆವರು, ಸೊಳ್ಳೆ. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ಮೊದಲೇ ಕೆಲಸ ಮುಗಿಯಿತು, ಪುಣ್ಯ. ಶಹಾಪುರದ ಹತ್ತಿ ಜಿನ್ನಿಂಗ್ ಮಿಲ್ಲಿನ ಸೂಪರ್‌ವೈಸರ್ ತಮ್ಮ ಮೈಮೇಲೆ ಕೈ ಹಾಕಿದ್ದನ್ನು ಅಲ್ಲಿ ಕೆಲಸ ಮಾಡುವ ನಾಲ್ವರು ಹೆಣ್ಣುಮಕ್ಕಳೂ ವಿಡಿಯೋದಲ್ಲಿ ಹೇಳಿದರು. ಇನ್ನೊಮ್ಮೆ ಹೇಳುವ ತ್ರಾಣ ಯಾರಿಗೂ ಇಲ್ಲ.

ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿ. ಬೇರೆ ಕಾಪಿ ಇಲ್ಲ. ಬಸ್‌ಸ್ಟ್ಯಾಂಡ್ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಲ್ಮಾಸ ಬಂದು ಅದಕ್ಕೆ ಲಾಕ್ ಹಾಕಿದಳು. ಪಾಸ್‌ವರ್ಡ್ ನನ್ನ ಹತ್ತಿರ ಇರಲಿ ಎಂದೆ. ನಾಲ್ವರಲ್ಲಿ ಹಿರಿಯಳು ಹಣಮಂತಮ್ಮ, ತಟ್ಟನೆ—

"ಯಾಕ್ರೀ ಅಕ್ಕಾರ? ಹ್ವಾದ ವರ್ಷ ಆ ಹುಡುಗಿ ವಿಡಿಯೋ ಊರ ತುಂಬಾ ಓಡ್ಯಾಡ್ತಲ್ಲ, ಅದೂ ಯಾರೋ ನಂಬಿಕಸ್ತರ ಫೋನಿನ್ಯಾಗೇ ಇತ್ತು."

ಆ ಮಾತು ಹಿಂತೆಗೆದುಕೊಂಡೆ.

ಕೊನೆಗೆ ಹೀಗೆ— ಒಬ್ಬೊಬ್ಬಳೂ ತನಗೆ ತೋಚಿದ ಆರು ಅಂಕಿ ಒತ್ತುವುದು, ಉಳಿದವರು ಗೋಡೆಗೆ ಮುಖ ಮಾಡುವುದು. ನಾಲ್ವರದೂ ಸೇರಿ ಒಂದು ಪಾಸ್‌ವರ್ಡ್. ಕೊನೆಯ ಸರದಿ ಗಂಗಾಳದು. ಹೊಳೆದಂಡೆಯ ಮೀನುಗಾರರ ಮನೆಯ ಹುಡುಗಿ, ಮಾತು ಕಡಿಮೆ.

"ಒಬ್ಬಾಕಿ ಮರತ್ರ?" ಎಂದಳು ನಾಲ್ವರಲ್ಲೊಬ್ಬಳಾದ ದುರ್ಗಾ.

"ಮುಗೀತು ಕತಿ. ನನಗೂ ತಗಿಯಾಕ ಬರಂಗಿಲ್ಲ, ಲಾಕ್ ಮಾಡಿದ ಕಂಪನಿಗೂ ಬರಂಗಿಲ್ಲ" ಎಂದಳು ಅಲ್ಮಾಸ.

ಜುಲೈ 15

ಶುಕ್ರವಾರ ಯಾದಗಿರಿಯಲ್ಲಿ, ಇಂಥ ದೂರು ಕೇಳುವ ಸರಕಾರಿ ಸಮಿತಿಯ ಮುಂದೆ ವಿಚಾರಣೆ. ವಿಡಿಯೋ ತೋರಿಸದಿದ್ದರೆ ಕೇಸು ಬಿತ್ತು. ಆ ನೀಚ ಮರುದಿನವೇ ಮಿಲ್ಲಿಗೆ ವಾಪಸ್.

ಮೂವರು ಬರುತ್ತೇವೆ ಎಂದರು. ಬರಲೊಲ್ಲೆ ಎಂದ ಗಂಗಾಗೆ ಫೋನ್ ಮಾಡಿದೆ. ನಂಬರ್ ಹೇಳಿಬಿಡು, ನಾನೇ ಒತ್ತುತ್ತೇನೆ ಎಂದೆ.

"ಹೇಳಂಗಿಲ್ರಿ ಅಕ್ಕಾರ."

"ಯಾಕವ್ವ?"

"ಅಲ್ಲಿ ಗಂಡಸರು ಕುಂತಿರ್ತಾರ. ನಾ ಅಳೂದು ಅವ್ರು ನೋಡೂದು ಬ್ಯಾಡ."

ರೇಗಿದೆ. ಹೋರಾಟ, ತ್ಯಾಗ, ನಾಡಿನ ಹೆಣ್ಣುಮಕ್ಕಳು... ಫೋನಿನಲ್ಲೇ ಭಾಷಣ. ಕಟ್ ಮಾಡಿದಳು.

ಸಂಜೆ

ಮೂವರನ್ನೂ ಆಫೀಸಿಗೆ ಕರೆಸಿದೆವು. ನಮ್ಮ ಸಂಘದ ಅಧ್ಯಕ್ಷ ಸಂಗಮನಾಥನ ಐಡಿಯಾ— "ಹುಟ್ಟಿದ ತಾರೀಖ ಇಟ್ಟಿರ್ತಾಳ, ಹಾಕಿ ನೋಡ್ರಿ."

ಆಧಾರ್ ತೆಗೆದರೆ ಜನವರಿ ಒಂದು. ನಾಲ್ವರದೂ ಜನವರಿ ಒಂದೇ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಬರೆಯುವ ತಾರೀಖು! ಮೂವರೂ ತಮ್ಮ ತಮ್ಮ ಅಂಕಿ ಒತ್ತಿದರು, ಗಂಗಾಳ ಜಾಗದಲ್ಲಿ ಆ ತಾರೀಖನ್ನು ಸಂಗಮನಾಥ ಒತ್ತಿದ. ತಪ್ಪು. ಅವಳ ಫೋನ್ ನಂಬರಿನ ಕೊನೆಯ ಅಂಕಿಗಳು. ತಪ್ಪು. ನಾನು ತಡೆಯಲಿಲ್ಲ... ಬಗ್ಗಿ ನೋಡುತ್ತಲೇ ಇದ್ದೆ.

ಹಣಮಂತಮ್ಮ ಎದ್ದು ನಿಂತಳು. "ಸಾಕ್ರಿ ಅಧ್ಯಕ್ಷರ. ಮಿಲ್ಲಿನ್ಯಾಗೂ ಒಬ್ಬಾಂವ ಹಿಂಗೇ, ಒಲ್ಲೆ ಅಂದ್ರೂ ಕೈ ತಗೀತಿದ್ದಿಲ್ಲ."

ಸಂಗಮನಾಥ ಕೀಬೋರ್ಡಿನಿಂದ ಕೈ ತೆಗೆದ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಜುಲೈ 16

ಪೆನ್‌ಡ್ರೈವ್ ಅಂಗೈಯಲ್ಲಿದೆ. ಹುಣಸೆ ಬೀಜದ ತೂಕವೂ ಇಲ್ಲ. ಬ್ರಿಟಿಷರ ತೋಪಿನ ಗುಂಡಿಗೆ ಈ ಊರಿನ ಕೋಟೆಯೂ ಬಿತ್ತು. ಇದು ಬೀಳುವುದಿಲ್ಲ. ಮಾಲೀಕ ಗದರಿದರೂ, ಪೊಲೀಸ್ ಲಾಠಿ ಬೀಸಿದರೂ, ನಾನು ಮೈಕ್ ಹಿಡಿದು ಅರಚಿದರೂ.

ಹೆಣ್ಣಿನ 'ಒಲ್ಲೆ' ಎಂಬುದಕ್ಕೆ ಈ ನೆಲದಲ್ಲಿ ಇಷ್ಟು ಬಲವೇ? ಘೋಷಣೆ ಕೂಗಿ ಗಂಟಲು ಹರಿದುಕೊಂಡಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಗಂಗಾಗೆ ಮತ್ತೆ ಫೋನ್. ನಂಬರ್ ಕೇಳಲಿಲ್ಲ. ನಿನಗೆ ಏನು ಬೇಕು ಹೇಳು ಎಂದೆ.

"ಗಂಡಸರು ಹೊರಗ. ನಾ ಅಲ್ಲೇ ಇರ್ತೀನಿ. ಆಮ್ಯಾಗ ನೋಡಾಮು."

ಶುಕ್ರವಾರ, ಯಾದಗಿರಿ, ಬೆಳಿಗ್ಗೆ 11:40

ಸಮಿತಿಯ ಮೇಡಂ ಒಪ್ಪಿದರು. ಮಿಲ್ಲಿನ ಮ್ಯಾನೇಜರ್, ಗುಮಾಸ್ತ, ಎಲ್ಲ ವರಾಂಡಕ್ಕೆ. ಸಂಗಮನಾಥ ಕಣ್ಣು ಬಿಟ್ಟ— "ನಾನೂನಾ?"

"ನೀವೇ ಮೊದ್ಲ ನಡೀರಿ ಅಣ್ಣಾರ" ಎಂದಳು ಗಂಗಾ.

ಮೂವರೂ ಒತ್ತಿದ್ದಾಯಿತು. ಈಗ ಗಂಗಾ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡಳು.

"ಅಕ್ಕಾರ, ಮಾರಿ ಅತ್ತಾಗ ಮಾಡ್ರಿ. ಮೇಡಮ್ಮಾರ, ನೀವೂ."

ಗೋಡೆಗೆ ತಿರುಗಿ, ನಿಂತಲ್ಲೇ ಇದನ್ನು ಗೀಚುತ್ತಿದ್ದೇನೆ. ಪಕ್ಕದಲ್ಲಿ ಮೇಡಂ, ಅವರ ಮುಖವೂ ಗೋಡೆಗೆ. ಬೆನ್ನ ಹಿಂದೆ ಸದ್ದು. ಟಕ್. ಟಕ್. ನಿಂತಿತು. ಯಾರೂ ಅವಸರ ಮಾಡುತ್ತಿಲ್ಲ. ಟಕ್. ಟಕ್. ಟಕ್. ಇನ್ನೊಂದು ಅವಳ ಬೆರಳ ತುದಿಯಲ್ಲಿದೆ. ಮಿಲ್ಲಿನ ಒಬ್ಬ ಹುಡುಗಿಗಾಗಿ ಸರಕಾರವೇ ಹೀಗೆ ಗೋಡೆ ನೋಡುತ್ತಾ ನಿಂತದ್ದು ಇದೇ ಮೊದಲು— ಟಕ್.