ಪಿಸ್ಟನ್ ಆರುವ ತನಕ

॥ ಶ್ರೀ ಸಿದ್ಧರಾಮೇಶ್ವರ ಪ್ರಸನ್ನ ॥

ಸೋಲಾಪುರ,
ಶನಿವಾರ, ೧೨ ಏಪ್ರಿಲ್ ೨೦೨೫

ಪ್ರೀತಿಯ ಪ್ರಣಿತಾ,

ನೀನೂ ಕೂಸೂ ಹೇಗಿದ್ದೀರಿ? ಕೂಸು ರಾತ್ರಿ ಅಳುವುದು ಕಡಿಮೆಯಾಯಿತೇ? ನಿನ್ನ ಸೊಂಟನೋವು ಈಗ ಹೇಗಿದೆ? ನಿಮ್ಮವ್ವ ಇನ್ನೂ ಕಿವಿಗೆ ಬಟ್ಟೆ ಕಟ್ಟಿಸಿಯೇ ಕೂರಿಸಿದ್ದಾರೇನು? ಈ ಬಿಸಿಲಿನಲ್ಲಿ ಅದೊಂದು ಶಿಕ್ಷೆಯೇ, ಆದರೂ ಕಟ್ಟಿಕೋ. ಬಾಣಂತನಕ್ಕೆ ತವರಿಗೆ ಹೋದ ಮೇಲೆ ಅಕ್ಕಲಕೋಟದ ನೀರು ನಿನಗೆ ಒಗ್ಗಿರಬೇಕು. ನಮಗೆ ಮಾತ್ರ ಇಲ್ಲಿ ಮನೆ ಬಿಕೋ ಅನ್ನುತ್ತಿದೆ. ಮೊಮ್ಮಗಳ ಫೋಟೋ ನೋಡಿ ನೋಡಿ ಫೋನಿನ ಬ್ಯಾಟರಿಯೇ ಮುಗಿಯುತ್ತದೆ. ಮೂಗು ನಿನ್ನದೇ. ನಮ್ಮ ಮನೆತನದ ಮೂಗು ಬರಲಿಲ್ಲವಲ್ಲ ಎಂದು ನನಗೇನೂ ದುಃಖವಿಲ್ಲ, ಒಳ್ಳೆಯದೇ ಆಯಿತು.

ಫೋನಿರುವಾಗ ಕಾಗದವೇಕೆ ಎಂದು ಕೇಳುತ್ತೀ. ನಿನ್ನ ಫೋನು ಯಾವಾಗಲೂ ಸ್ಪೀಕರಿನ ಮೇಲೆ. ನಾನು ನಿನ್ನನ್ನು ಒಂದು ಮಾತು ಕೇಳಿದರೆ ಮನೆಮಂದಿಯೆಲ್ಲ ಉತ್ತರ ಕೊಡುತ್ತಾರೆ. ಪುಣ್ಯಕ್ಕೆ ನೀನು ಕನ್ನಡ ಸಾಲೆಯಲ್ಲಿ ಕಲಿತವಳು. ನನ್ನ ಮಗರಾಯ ಸಿದ್ಧೇಶ್ವರ ಮರಾಠಿ ಸಾಲೆಯವನು, ಕನ್ನಡ ಮಾತಾಡುತ್ತಾನೆಯೇ ಹೊರತು ಒಂದು ಅಕ್ಷರ ಓದಲು ಬರುವುದಿಲ್ಲ. ಅದಕ್ಕೇ ಈ ಕಾಗದವನ್ನು ಇವತ್ತು ಅವನ ಕೈಯಲ್ಲೇ, ಅಂಟಿನ ಉಂಡೆಯ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಉಂಡೆ ನೀನೇ ತಿನ್ನು, ಎಲ್ಲರಿಗೂ ಹಂಚುತ್ತ ಕೂರಬೇಡ.

ಸುದ್ದಿ ನಿನ್ನ ಗಾಡಿಯದು, ಆ ಮೋಟಾರ್ ಸೈಕಲ್ಲಿನದು. ಕುಂಭಾರಿಯ ಆಚೆ ಮಣ್ಣಿನ ದಾರಿಯಲ್ಲಿ ಎಂಜಿನ್ ಜಾಮ್ ಆಗಿ ನೀನು ಅದನ್ನು ತಳ್ಳಿಕೊಂಡು ಬಂದೆಯಲ್ಲ, ಅಂದಿನಿಂದ ಅದು ನಮ್ಮ ಚಾದರದ ಗೋದಾಮಿನ ಮೂಲೆಯಲ್ಲಿ ನಿಂತೇ ಇತ್ತು. ಆಮೇಲೆ ನೀನು ಬಸುರಿಯಾದೆ, ಅದರ ಸುದ್ದಿಗೆ ಯಾರೂ ಹೋಗಲಿಲ್ಲ. ಈಗ ಸಿದ್ಧೇಶ್ವರ ಅದನ್ನು ರಿಪೇರಿ ಮಾಡಿಸಿ ಮಾರಲು ಹೊರಟಿದ್ದಾನೆ. ನೀನೇ ಹೇಳಿದ್ದೀಯಂತೆ. ಫೋನಿನಲ್ಲಿ ಹೇಳಿದ್ದು ನಿಜ, ಅವನ ಪಕ್ಕದಲ್ಲಿದ್ದ ನಾನೂ ಕೇಳಿದೆ: "ಮಾರಿಬಿಡ್ರಿ, ನಂಗಿನ್ನ ಅದೇನ್ ಮಾಡೂದೈತಿ." ಅದಕ್ಕೂ ಮೊದಲು ನಿನ್ನ ಹಿಂದಿನಿಂದ ಯಾರೋ "ಕೂಸಿನ ತಾಯಿಗಿ ಅಂಥಾವೆಲ್ಲಾ ಯಾಕ ಬೇಕು" ಅಂದದ್ದೂ ಕೇಳಿಸಿತು. ಆದರೆ ಹೊಸ ಪಿಸ್ಟನ್ ಬಂದಿದೆ, ಸಿಲಿಂಡರನ್ನು ಒಳಗಿನಿಂದ ಕೊರೆಸಲು ಬೋರಿಂಗಿಗೆ ಕೊಟ್ಟಿದ್ದೇನೆ ಎಂದು ಅವನು ಹೇಳುತ್ತಲೇ ನೀನು ತಟ್ಟನೆ "ಪಿಸ್ಟನ್ ಎಲ್ಲಿ ಅಳೀತಾರ? ಮ್ಯಾಲೋ, ಕೆಳಗೋ?" ಎಂದೆ. ಅವನಿಗೆ ಗೊತ್ತಿರಲಿಲ್ಲ. ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು. ಮಾರುವವಳು ಎಷ್ಟು ಬೆಲೆ ಬರುತ್ತದೆ ಎಂದು ಕೇಳಬೇಕು. ಎಲ್ಲಿ ಅಳೆಯುತ್ತಾರೆ ಎಂದು ಯಾಕೆ ಕೇಳಬೇಕು?

ತಿಳಿಯದೆ ಬಿಡುವವಳು ನಾನಲ್ಲ. ನಿನ್ನೆ, ಪಿಸ್ಟನ್ನನ್ನು ನಾನೇ ತಲುಪಿಸುತ್ತೇನೆ ಎಂದು ಸಿದ್ಧೇಶ್ವರನನ್ನು ಅಂಗಡಿಗೆ ಅಟ್ಟಿದೆ. ಹೊಸ ವಸ್ತು ದೇವರಿಗೆ ತೋರಿಸದೆ ಹೇಗೆ ಒಯ್ಯುವುದು? ದೇವರ ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿದೆ. ಶುಕ್ರವಾರದ ರಾಹುಕಾಲ ಮುಗಿಯಲಿ ಎಂದು ಹನ್ನೆರಡರ ತನಕ ಕೂತೆ. ಆಮೇಲೆ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ನೀನು ಕಲಿಸಿಕೊಟ್ಟ ಸ್ಕೂಟಿಯಲ್ಲಿ ಕಾಲ ಬಳಿ ಇಟ್ಟುಕೊಂಡು ಅಕ್ಕಲಕೋಟ ರಸ್ತೆಯ ಎಂಐಡಿಸಿಗೆ, ಕಾರ್ಖಾನೆಗಳ ಕಡೆಗೆ ಹೊರಟೆ. ಬಿಸಿಲು ಹೇಗಿತ್ತೆಂದು ನಿನಗೆ ಹೇಳಬೇಕಾಗಿಲ್ಲ. ಡಬ್ಬಿ ಮುಟ್ಟಿದರೆ ಚುರ್ ಅನ್ನುತ್ತಿತ್ತು.

ಬೋರಿಂಗ್ ಮಾಡುವ ಅಮೋಗಸಿದ್ಧ ವಿಜಯಪುರದ ಕಡೆಯವನು, ಮಾತಿಗೆ ಒಳ್ಳೆಯ ಜೊತೆ. ವಿಭೂತಿ ನೋಡಿ "ಇದೊಂದ್ ಕಣ ಒಳಗ ಹೋದ್ರ ಸಿಲಿಂಡರ್ ಕೆರೀತೈತ್ರಿ ಆಯಿ" ಎಂದು ಗದರಿಸಿ, ಪೆಟ್ರೋಲಿನಲ್ಲಿ ಅದ್ದಿ ಒರೆಸಿದ. ನಾನು ನಿನ್ನ ಪ್ರಶ್ನೆಯನ್ನೇ ಕೇಳಿದೆ. ಮೇಲೆ ಅಳೆಯಬಾರದಂತೆ, ಅಲ್ಲಿ ಅದು ಸಣ್ಣದಿರುತ್ತದೆ. ಕೆಳಗಿನ ಅಂಚಿನಿಂದ ಸ್ವಲ್ಪ ಮೇಲೆ, ಅದೂ ಅಡ್ಡ ಕಡ್ಡಿಯ ತೂತಿರುವ ಬದಿಯಲ್ಲಲ್ಲ, ಇನ್ನೊಂದು ಬದಿಯಲ್ಲಿ ಅಳೆಯಬೇಕು ಎಂದು ಅಳೆದು ತೋರಿಸಿದ. ದುಂಡಗಿದೆ ಎಂದು ನಾನು ತಿಳಿದಿದ್ದ ಪಿಸ್ಟನ್ ದುಂಡಗೇ ಇಲ್ಲವಲ್ಲೇ! ಬೇಕೆಂದೇ ಹಾಗೆ ಮಾಡಿರುತ್ತಾರಂತೆ, ಕಾದಾಗ ಎಲ್ಲ ಕಡೆ ಒಂದೇ ಸಮ ಉಬ್ಬುವುದಿಲ್ಲವಂತೆ. ಇದು ನಿನಗೆ ಗೊತ್ತಿತ್ತು, ಇಷ್ಟು ದಿನ ಒಂದೇ ಮನೆಯಲ್ಲಿದ್ದು ನನಗೆ ಒಂದು ಮಾತು ಹೇಳಲಿಲ್ಲ ನೋಡು.

ಆಮೇಲೆ ಒಳಕೋಣೆಯಲ್ಲಿ ಬೆಳಿಗ್ಗೆ ತೊಳೆದು ಕಲ್ಲಿನ ಮೇಲೆ ಇಟ್ಟಿದ್ದ ಸಿಲಿಂಡರ್ ತಂದ. ಡಯಲ್ ಇರುವ ಕಡ್ಡಿಯೊಂದನ್ನು ಇಳಿಸಿ ಮೇಲೆ, ನಡುವೆ, ಕೆಳಗೆ ನೋಡಿದ. ಉದ್ದಕ್ಕೂ ನೋಡಿದ, ಅಡ್ಡಕ್ಕೂ ನೋಡಿದ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಮಿಲಿಮೀಟರಿನ ನೂರು ಪಾಲಿನಲ್ಲಿ ಐದಾರು ಪಾಲು ಸಂದು ಬೇಕು. ಬಂದದ್ದು ಮೂರು. "ಬಿಗಿ ಆಗ್ತೈತ್ರಿ. ಹಿಂಗ ಹಾಕಿದ್ರ ಮತ್ತ ಜಾಮ್. ಸಿಲಿಂಡರ್ ಇನ್ನಷ್ಟು ತೀಡಬೇಕು" ಎಂದು ಮಶೀನಿನ ಕಡೆ ಹೊರಟ. ಅಷ್ಟರಲ್ಲಿ ನಾನು ಸುಮ್ಮನಿರಲಾರದೆ ಎರಡನ್ನೂ ಮುಟ್ಟಿದೆ. ಸಿಲಿಂಡರ್ ತಣ್ಣಗಿತ್ತು, ಪಿಸ್ಟನ್ ಇನ್ನೂ ಬೆಚ್ಚಗಿತ್ತು. ಬೇಸಿಗೆಯಲ್ಲಿ ಕೈ ಬಾತು ಬಳೆ ಇಳಿಯುವುದಿಲ್ಲವಲ್ಲ, ಇದೂ ಹಾಗೇನು ಎಂದು ಕೇಳಿದೆ. ಅವನು ಹಣೆ ಹಣೆ ಬಡಿದುಕೊಂಡು ನಕ್ಕ. "ಈ ಬಿಸಿಲಾಗ ನನಗ ಎಲ್ಲಾನೂ ಬೆಚ್ಚಗ ಹತ್ತತೈತ್ರಿ. ನಿಮ್ಮ ರಾಹುಕಾಲ ನೋಡ್ರಿ, ಪಿಸ್ಟನ್ ಉಬ್ಬಿಸಿ ಇಟ್ಟೈತಿ!"

ಎರಡನ್ನೂ ಒಂದೇ ಕಲ್ಲಿನ ಮೇಲಿಟ್ಟು ಚಹಾ ತರಿಸಿದ. ಕುಡಿದೆವು, ಮಾತಾಡಿದೆವು, ನಿನ್ನ ಹೆರಿಗೆಯ ಕಥೆ ಪೂರ್ತಿ ಹೇಳಿದೆ. ಮತ್ತೆ ಅಳೆದಾಗ ಸಂದು ಸರಿಯಾಗಿ ಐದು! ನನಗಾದ ಖುಷಿ ಏನು ಹೇಳಲಿ. ಅವಸರಪಟ್ಟು ತೀಡಿದ್ದರೆ ಸಡಿಲಾಗಿ ಪಿಸ್ಟನ್ ಟಕಟಕ ಅನ್ನುತ್ತಿತ್ತು, ತೀಡಿದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ದಾರಿಯಲ್ಲೆಲ್ಲ ನನಗೆ ಅದೇ ಯೋಚನೆ: ಹಡೆದು ತಿಂಗಳಾಗದ ಹೆಣ್ಣು, ನಿದ್ದೆಯಿಲ್ಲ, ಸುತ್ತ ಅಷ್ಟು ಜನ, ಅವಳ ಬಾಯಿಂದ ಬಂದ "ಮಾರಿಬಿಡ್ರಿ" ಅನ್ನುವುದನ್ನು ನಾವು ಯಾವ ಅಳತೆಯೆಂದು ಹಿಡಿಯಬೇಕು?

ಸಂಜೆಯೇ ಅಮೋಗಸಿದ್ಧ ನಮ್ಮ ಗೋದಾಮಿಗೆ ಬಂದು ಎಂಜಿನ್ ಕೂಡಿಸಿದ. ಹೊಸ ಪಿಸ್ಟನ್ನಿಗೆ ಮೊದಮೊದಲು ಜೋರು ಕೊಡಬಾರದಂತೆ, ಸ್ವಲ್ಪ ಓಡಿಸಿ ಆರಲು ಬಿಟ್ಟು ಮತ್ತೆ ಓಡಿಸಬೇಕಂತೆ. ಅಪರಿಚಿತರ ಕೈಗೆ ಕೊಟ್ಟರೆ ಒಂದೇ ದಿನದಲ್ಲಿ ಕೆಡಿಸುತ್ತಾರೆ ಎಂದ. ಸಿದ್ಧೇಶ್ವರ ಕಿಕ್ ಹೊಡೆಯಲು ಕಾಲೆತ್ತಿದ. ಅಂಗಡಿಗೆ ಗಿರಾಕಿ ಬಂದಾರ ನೋಡು ಅಂದೆ, ಹೋದ. ಗಿರಾಕಿ ಯಾರೂ ಇರಲಿಲ್ಲ.

ನಿಮ್ಮ ಅಪ್ಪ ಅವ್ವನವರಿಗೆ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ನಿನಗೆ ಮೈತುಂಬ ಶಕ್ತಿ ಬರಲಿ, ಸಿದ್ಧರಾಮ ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅತ್ತೆ,
ಕಸ್ತೂರಬಾಯಿ

ತಾ. ಕ.: ಮುಖ್ಯ ಮಾತೇ ಬರೆಯಲಿಲ್ಲ, ಸಿದ್ಧೇಶ್ವರ ಬಾಗಿಲಲ್ಲಿ ಡಬ್ಬಿ ಕೊಡು ಅನ್ನುತ್ತಿದ್ದಾನೆ. ನಂದೇಶ್ವರದಿಂದ ಒಬ್ಬ ನಾಳೆ ಸಂಜೆ ಗಾಡಿ ಒಯ್ಯಲು ಬರುವವನಿದ್ದ. ನಾನೇ ಅವನಿಗೆ ಫೋನ್ ಮಾಡಿ ಬರಬೇಡ ಅಂದೆ. ಯಾಕ್ರಿ ಅಂದ. ಗಾಡಿ ನನ್ನ ಸೊಸಿದು, ಆಕಿ ಬಾಣಂತಿ ಅದಾಳ, ಎದ್ದ ಮ್ಯಾಲ ಆಕೀನ ಓಡಸ್ತಾಳ ಅಂದೆ. ಸಿದ್ಧೇಶ್ವರನಿಗೆ ಇನ್ನೂ ಗೊತ್ತಿಲ್ಲ, ನಾನು ಹೇಳಿಕೊಳ್ಳುತ್ತೇನೆ. ನೀನು ಮನೆಗೆ ಬಂದು, ಒಂದು ಸಲ ಓಡಿಸಿ, ಆಮೇಲೂ ಬೇಡ ಅನ್ನಿಸಿದರೆ ಮಾರೋಣ, ಅಲ್ಲಿಯ ತನಕ ಮಾರುವ ಮಾತು ನನ್ನ ಹತ್ತಿರ ಆಡಬೇಡ. ಈಗ ಒಂದು ಕೆಲಸ ಮಾಡು: ಡಾಕ್ಟರ್ ಬಾಯಿಯವರನ್ನು ಕೇಳಿ, ಕಿಕ್ ಹೊಡೆಯಲು ಯಾವ ತಿಂಗಳಿಂದ ಆದೀತು ಎಂದು ಬರೆ.