ನೀರೊಳಗಿನ ಸಿಳ್ಳೆ

ತಂಗಿ ಚಿಕ್ಕಬೋರಮ್ಮನಿಗೆ ಅಣ್ಣ ಜವರಯ್ಯ ಹೊನ್ನಾವರದಾಚೆಯ ಕಡಲ ದಡದಿಂದ ಬರೆದದ್ದು. ಸಂತೆಬಾಚಹಳ್ಳಿಯಲ್ಲಿ ಎಲ್ಲರೂ ಕ್ಷೇಮ ತಾನೆ?

ಇಲ್ಲಿ ಹಡಗುಕಟ್ಟೆಗೆಂದು ನೀರಿನೊಳಗೆ ಕಬ್ಬಿಣದ ಕಂಬ ಬಡಿಯುತ್ತಾರೆ. ಆ ಸದ್ದಿಗೆ ಡಾಲ್ಫಿನ್‌ಗಳ ಕಿವಿ ಹೋಗುತ್ತದಂತೆ. ಅವು ಕಂಡರೆ ಕೆಂಪು ಬಾವುಟ ಏರಿಸಿ ಕೆಲಸ ನಿಲ್ಲಿಸುವವನು ನಾನು.

ನಿನ್ನೆ ಬೆಳಿಗ್ಗೆ ಒಂದು ತಾಯಿ ಡಾಲ್ಫಿನ್, ಅದರ ಮರಿ ಬಂದವು. ಬಾವುಟವನ್ನೇನೋ ಏರಿಸಿದೆ, ಆದರೆ ರಾಗಿ ಹೊಲದಲ್ಲಿ ಹಂದಿ ಓಡಿಸುವ ಹಾಗೆ ಡಬ್ಬವನ್ನೂ ಬಡಿದೆ. ನನ್ನ ಹಾಳು ಬುದ್ಧಿ. ತಾಯಿ ಬೆದರಿ ಆಚೆ ಓಡಿತು, ಮರಿ ಕಂಬಗಳ ನಡುವೆ ಮುಳುಗಿತು. ಉಸಿರಿಗೆ ಮೇಲೆ ಬರಲೇಬೇಕಾದ ಜೀವ, ಇವತ್ತಿನವರೆಗೂ ಮೇಲೆ ಬಂದಿಲ್ಲ. ಆದರೆ ಅವುಗಳ ಸದ್ದು ಕೇಳಲೆಂದು ನೀರಿಗೆ ಇಳಿಬಿಟ್ಟ ಯಂತ್ರದಲ್ಲಿ ಅದರ ಸಿಳ್ಳೆ ಮಾತ್ರ ಕೇಳುತ್ತಲೇ ಇದೆ.

ಇಂಜಿನಿಯರ್ ಹುಡುಗ ಬಂದು, "ಅಜ್ಜಾ, ಏನೂ ಕಾಣ್ತಿಲ್ಲವಲ್ಲ, ಬಾವುಟ ಇಳಿಸಿ" ಎಂದ.

"ಕಾಣ್ದಿದ್ರೆ ಇಲ್ಲ ಅಂತನಾ? ಮೊದ್ಲು ಇದ ಕಿವಿಗಾಕ್ಕೊಳ್ಳಲಾ!" ಎಂದು ಆ ಯಂತ್ರದ ಹೆಡ್‌ಫೋನ್ ಕೊಟ್ಟೆ.

ಹಾಕಿಕೊಂಡವನು ಮುಖ ಬಿಳಿಚಿಕೊಂಡು, ಅದನ್ನು ಕಿತ್ತಿಟ್ಟು ಹೋದ.

ಮಂಡಿ ನೋವು ಕಡಿಮೆ. ಕೆಲಸ ಹೋದರೂ ಹೋಗಲಿ, ಬಾವುಟ ಇಳಿಸುವುದಿಲ್ಲ. ನಮ್ಮ ಹಸುವಿನ ಕರುವನ್ನು ಬೇರೆ ಕಟ್ಟಬೇಡ. ಹಾಲು ಕಡಿಮೆಯಾದರೂ ಸರಿ, ತಾಯಿಯ ಹತ್ತಿರವೇ ಬಿಡು.