ನಿಧಾನದ ಮೂರು ಗುಂಡು

೧೨ ಆಗಸ್ಟ್ ೨೦೦೭, ಭಾನುವಾರ

ಥೂ, ನನ್ನ ಮೇಲೇ ನನಗೆ ಹೇಸಿಗೆ.

ಹೊಸ ತೋಟಾಗಳಲ್ಲಿ ಒಂದರ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅದಕ್ಕೇ ಇವತ್ತು ಬಿಡದಿಯ ನಮ್ಮ ರೈಫಲ್ ಕ್ಲಬ್ಬಿಗೆ ಗುಂಡಿನ ವೇಗ ಅಳೆಯುವ ಯಂತ್ರ ಆರಿಸಿದೆವು. ತರಬೇತುದಾರ ಸಾಬೀರ್ ಎರಡು ಯಂತ್ರಗಳ ಮುಂದೆಯೂ ಹತ್ತು ಹತ್ತು ಗುಂಡು ಹಾರಿಸಿದ. ಮೊದಲನೆಯದು ಮೂರು ಗುಂಡು ತೀರಾ ನಿಧಾನವೆಂದಿತು. ಎರಡನೆಯದು ಎಲ್ಲಕ್ಕೂ ಒಂದೇ ಅಂಕಿ ತೋರಿಸಿತು.

ತೋಟಾ ತರಿಸಿದ್ದವರು ಅಧ್ಯಕ್ಷ ಅಶ್ವಥ್. "ಎರಡ್ನೇದೇ ಚೆನ್ನಾಗೈತೆ, ಬರ್ಕೋ" ಅಂದರು.

"ಅದು ಸುಳ್ಳು ಹೇಳ್ತೈತೆ ಅಣ್ಣ, ಹತ್ತೂ ಗುಂಡಿನ ವೇಗ ಒಂದೇ ಇರಾಕಿಲ್ಲ. ನಾಳೆ ಮಕ್ಳು ಇದೇ ತೋಟಾ ಹೊಡೀತವೆ, ಸಿಕ್ಕೊಂಡ ಗುಂಡಿನ ಹಿಂದೆ ಇನ್ನೊಂದು ಹೊಡುದ್ರೆ ನಳಿಗೆ ಸಿಡೀತೈತೆ," ಅಂದ ಸಾಬೀರ್.

ಕಾರ್ಯದರ್ಶಿಯಾದ ನಾನು ಎರಡನೆಯ ಯಂತ್ರವೇ ಸರಿಯೆಂದು ಬರೆದು ಸಹಿ ಹಾಕಿದೆ. ಸಾಬೀರ್ ತೋಟಾಗಳ ಪೆಟ್ಟಿಗೆಗೆ ಬೀಗ ಜಡಿದು, ಕೀಲಿ ಜೇಬಿಗಿಟ್ಟು ಹೊರಟುಹೋದ.

ನಾಳೆ ಬೆಳಿಗ್ಗೆ ಅವನಿಂದ ಕೀಲಿ ಇಸಿದುಕೊಂಡು ಬಾ ಎಂದು ಈಗಷ್ಟೇ ಅಧ್ಯಕ್ಷರ ಫೋನು. ಹೂಂ ಅಂದೆ. ಆದರೆ ಸಾಬೀರನ ಮನೆಗೆ ಹೋಗಲಾರೆ. ಹೋದರೂ ಕೇಳುವುದು ಕೀಲಿಯನ್ನಲ್ಲ, ಕ್ಷಮೆಯನ್ನು.